ಹತ್ತು ಗೆರೆ, ಹದಿನೈದು ಗೆರೆ: 10 ರೂಪಾಯಿ ನಾಣ್ಯದ ಮೇಲೆ ಯಾಕಿಷ್ಟು ಅನುಮಾನ?

10 ರೂಪಾಯಿ ನಾಣ್ಯವನ್ನು ರದ್ದು ಮಾಡುವಂತಹ ಯಾವ ಆದೇಶವನ್ನೂ ಸರ್ಕಾರ ಹೊರಡಿಸಿಲ್ಲ. ರದ್ದು ಮಾಡಿದ್ದು ನಾವು. ಬಳ್ಳಾರಿ ಜಿಲ್ಲೆಯ ಸಿರಿಗೇರಿಯಲ್ಲಿ ಚಹಾ ಕುಡಿದು ನಾಣ್ಯ ಕೊಟ್ಟರೆ, ಅಂಗಡಿಯವ ಅದನ್ನು ತಿರುಗಿಸಿ ನೋಡಿ, "ಇದು ನಡೆಯಂಗಿಲ್ರಿ ಅಣ್ಣ, ಗೆರಿ ಬ್ಯಾರೆ ಅದಾವ" ಅಂದ.

ಗೆರೆ ಬೇರೆ ಇರೋದು ನಿಜ. ಹಳೆಯ ಒಂದು ವಿನ್ಯಾಸದಲ್ಲಿ 15 ಗೆರೆಗಳಿದ್ದವು. ಜುಲೈ 2011ರಲ್ಲಿ ರೂಪಾಯಿ ಚಿಹ್ನೆ ಹೊತ್ತು ಬಂದ ನಾಣ್ಯದಲ್ಲಿ 10. "10 ಗೆರೆಯದ್ದೇ ಅಸಲಿ" ಎಂಬ ಮಾತು ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಜನವರಿ 2018ರಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿಯೇ ಹೇಳಿತು: ಅಲ್ಲಿವರೆಗೆ ಬಂದಿದ್ದು 14 ವಿನ್ಯಾಸ, ಹದಿನಾಲ್ಕೂ ಚಲಾವಣೆಯಲ್ಲಿವೆ.

ಆದರೆ ಒಂದೇ ವಿನ್ಯಾಸದ ಎರಡು ನಾಣ್ಯಗಳೂ ಒಂದೇ ಥರ ಕಾಣೋದಿಲ್ಲವಲ್ಲ? ಇದು ಒಳ್ಳೆಯ ಪ್ರಶ್ನೆ, ಮೆಕ್ಯಾನಿಕಲ್ ವರ್ಕ್‌ಶಾಪ್‌ನಲ್ಲಿ ಕೈ ಮಸಿ ಮಾಡಿಕೊಂಡವರಿಗೆ ಇನ್ನೂ ಒಳ್ಳೆಯ ಪ್ರಶ್ನೆ.

ಮೊದಲು ಇಸವಿಯ ಕೆಳಗೆ ನೋಡಿ. ವಜ್ರದಾಕಾರ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಆ "ಏನೂ ಇಲ್ಲ" ಅನ್ನೋದನ್ನೇ ನಕಲಿಯ ಗುರುತು ಅಂದುಕೊಂಡವರಿದ್ದಾರೆ.

ಇನ್ನು ಅಚ್ಚು. ನಾಣ್ಯವನ್ನು ಎರಕ ಹೊಯ್ಯುವುದಿಲ್ಲ; ಗಟ್ಟಿ ಉಕ್ಕಿನ ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆ ಇಟ್ಟು ಜಜ್ಜುತ್ತಾರೆ. ಒಂದೊಂದು ಅಚ್ಚೂ ಲಕ್ಷಗಳ ಲೆಕ್ಕದಲ್ಲಿ ಹೊಡೆತ ತಿನ್ನುತ್ತದೆ. ಹೊಸದಾಗಿದ್ದಾಗ ಅಕ್ಷರ ಚೂಪು, ಸವೆದಂತೆ ಅದೇ ಅಕ್ಷರ ಅಗಲವಾಗಿ ಮಸುಕಾಗುತ್ತದೆ. ಅಚ್ಚಿನ ಗುಂಡಿಯಲ್ಲಿ ಗ್ರೀಸ್, ಕೊಳೆ ತುಂಬಿಕೊಂಡರೆ ಲೋಹ ಅಲ್ಲಿಗೆ ಹರಿಯೋದಿಲ್ಲ, ಅಕ್ಷರವೇ ಮಾಯ. ಅಚ್ಚು ಬಿರುಕು ಬಿಟ್ಟರೆ ಉಲ್ಟಾ: ಬಿರುಕಿಗೂ ಲೋಹ ನುಗ್ಗಿ ನಾಣ್ಯದ ಮೇಲೆ ಕೂದಲೆಳೆಯಂಥ ಉಬ್ಬುಗೆರೆ ಮೂಡುತ್ತದೆ. ಇವೆಲ್ಲ ಅಸಲಿ ಟಂಕಸಾಲೆಯಲ್ಲೇ ಆಗುವಂಥವು. ಸುತ್ತಿಗೆ ಹೊಡೆದು ಟಂಕಿಸಿದ ವಿಜಯನಗರದ ವರಹಗಳಲ್ಲಂತೂ ಒಂದರ ಹಾಗೆ ಇನ್ನೊಂದು ಇಲ್ಲ. ಹಂಪಿಯ ಪೇಟೆ ಅದರಿಂದೇನೂ ಮುಚ್ಚಲಿಲ್ಲ.

ನಕಲಿ ಇಲ್ಲವೇ ಇಲ್ಲ ಅಂತಲ್ಲ. 2016ರಲ್ಲಿ ದೆಹಲಿ ಪೊಲೀಸರು ನಕಲಿ ನಾಣ್ಯದ ಘಟಕವೊಂದನ್ನು ಹಿಡಿದಿದ್ದರು. ಆದರೆ ಗೆರೆ ಎಣಿಸಿ ಅದನ್ನು ಪತ್ತೆ ಮಾಡಲಾಗದು.

ಇನ್ನೊಂದು ತುದಿಯ ಮೂರ್ಖತನವೂ ಇದೆ: "ನಾಣ್ಯ ಬೇಡವೆಂದರೆ ರಾಜದ್ರೋಹ" ಎಂಬ ಬೆದರಿಕೆ. ಐಪಿಸಿ 124ಎ ಕಲಂನಲ್ಲಿ ನಾಣ್ಯದ ಮಾತೇ ಇರಲಿಲ್ಲ. ಸಂಬಂಧಪಟ್ಟ ಕಾನೂನು 2011ರ ನಾಣ್ಯ ಕಾಯ್ದೆ. ಅದರ 6ನೇ ಕಲಂ ಪ್ರಕಾರ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ 1,000 ರೂಪಾಯಿವರೆಗಿನ ಪಾವತಿ ಕಾನೂನುಬದ್ಧ. ಚಹಾದಂಗಡಿಯವನನ್ನು ದೇಶದ್ರೋಹಿ ಮಾಡುವುದಕ್ಕಿಂತ, ಅವನು ತಂದ ಚಿಲ್ಲರೆಯನ್ನು ಬ್ಯಾಂಕಿನ ಕೌಂಟರ್ ತಗೊಳ್ಳುತ್ತದೆಯೇ ಎಂದು ಕೇಳಬೇಕು. ಎಲ್ಲ ಶಾಖೆಗಳೂ ತಗೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ ಜೂನ್ 2019ರಲ್ಲೂ ಹೇಳಿದೆ.

ಯುಪಿಐ ಇರುವ ನಮಗೆ ಇದು ತಮಾಷೆ. ಸೊಪ್ಪು ಮಾರಿ ಸಂಜೆ ಐದಾರು ನಾಣ್ಯ ಸೆರಗಿಗೆ ಕಟ್ಟಿಕೊಂಡು ಹೋಗುವ ಅಜ್ಜಿಗೆ ಅದು 50–60 ರೂಪಾಯಿಯ ಪ್ರಶ್ನೆ. ಅನುಮಾನ ಇದ್ದವರು 14440ಕ್ಕೆ ಫೋನ್ ಮಾಡಿ, ರಿಸರ್ವ್ ಬ್ಯಾಂಕಿನ ಉತ್ತರವನ್ನು ಅಂಗಡಿಯವನಿಗೂ ಕೇಳಿಸಬಹುದು.