ನೀರು ತಿಳಿಯಾಗಿದ್ದರೆ ಸಾಕೇ?

"ಥೂ, ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ವಾಸನೆ!" ಎಂದು ನಾವೆಲ್ಲ ಗೊಣಗಿದವರೇ. ಆದರೆ ಸೋದರಿಯರೇ, ಆ ಸಣ್ಣ ವಾಸನೆಯೇ ನಮ್ಮ ಕಾವಲು. ಭಾರತೀಯ ಮಾನಕ ಬ್ಯೂರೋದ 2012ರ ಮಾನದಂಡದಂತೆ, ಕ್ಲೋರಿನ್ ಹಾಕಿದ ನೀರು ಮನೆ ನಲ್ಲಿಗೆ ಬಂದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ, ಖಾಲಿ ಪೈಪಿನ ಬಿರುಕಿನಿಂದ ಚರಂಡಿ ನೀರು ಒಳಗೆ ಸೇರಬಹುದು. ನಮ್ಮ ಬೀದಿಯ ಮಕ್ಕಳಿಗೆ ವಾಂತಿಭೇದಿ ಹತ್ತಿದಾಗಲೂ ನೀರೇನೋ ತಿಳಿಯಾಗೇ ಇತ್ತು!

ಮೊದಲು ಬರುವ ನೀರನ್ನು ಗಿಡಕ್ಕೆ ಹಾಕಿ. ಕುಡಿಯುವ ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿ, ಮುಚ್ಚಿಡಿ. ಕೈ ಅದ್ದದೆ ಸೌಟಿನಿಂದ ತೆಗೆಯಿರಿ. ಪುರಸಭೆಗೆ ಹೋಗಿ ನೀರಿನ ಪರೀಕ್ಷೆಯ ವರದಿ ಕೇಳಿ. ನಾಲ್ಕು ಜನ ಹೆಂಗಸರು ಒಟ್ಟಿಗೆ ಹೋದರೆ, ಇಲ್ಲವೆನ್ನಲು ಯಾರಿಗೂ ಬಾಯಿ ಬಾರದು!