ಅಂಗಡಿಗೆ ಬಣ್ಣ: ದೀಪಾವಳಿಯ ಅವಸರ, ಹಸಿ ಗೋಡೆಯ ಲೆಕ್ಕ

ದೀಪಾವಳಿಗೆ ಮಹಾವೀರ ನಿರ್ವಾಣೋತ್ಸವ, ಅಂಗಡಿಗಳಲ್ಲಿ ಲಕ್ಷ್ಮೀಪೂಜೆ, ಹೊಸ ಲೆಕ್ಕದ ಪುಸ್ತಕ. ಮಳಿಗೆಗೆ ಬಣ್ಣ ಬಳಿಸುವ ಅವಸರವೂ ಆಗಲೇ. ಆದರೆ ಶಿಗ್ಗಾವಿ ತಾಲ್ಲೂಕಿನ ದುಂಡಸಿಯಂಥ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕುಡಿದ ಗೋಡೆ ಅಷ್ಟರಲ್ಲಿ ಪೂರ್ತಿ ಒಣಗಿರುತ್ತದೆ ಎನ್ನುವಂತಿಲ್ಲ. ಹಸಿ ಗೋಡೆಯ ಬಣ್ಣ ಗುಳ್ಳೆಯೆದ್ದು ಉದುರುತ್ತದೆ, ಖರ್ಚು ಎರಡು ಸಲ. ಅನುಮಾನವಿದ್ದರೆ ಗೋಡೆಗೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಅಂಟಿಸಿ ಒಂದು ದಿನ ಬಿಟ್ಟು ನೋಡಬಹುದು. ಒಳಮೈಯಲ್ಲಿ ನೀರಹನಿ ಕಂಡರೆ ಕಾಯಬೇಕು. ಹೊರಗೋಡೆಯ ಕೆಲಸವನ್ನು ಫೆಬ್ರವರಿ–ಏಪ್ರಿಲ್‌ನಲ್ಲಿ ಮುಗಿಸಿ, ಹಬ್ಬಕ್ಕೆ ಶಟರ್ ಮತ್ತು ಒಳಭಾಗ ಮಾತ್ರ ಉಳಿಸಿಕೊಳ್ಳುವುದು ಲೇಸು.

ಬಜೆಟ್‌ಗೆ ಮೊದಲು ಟೇಪು ಹಿಡಿಯಬೇಕು. ‘ಇಡೀ ಕಟ್ಟಡಕ್ಕೆ ಇಷ್ಟು’ ಎಂಬ ಗುತ್ತಿಗೆಯಲ್ಲಿ ಎಷ್ಟು ಕೋಟ್ ಎಂಬುದೇ ಕಾಣದು. ಹೊರಗೋಡೆ 1,000 ಚದರಡಿ ಇದ್ದು, ಎರಡು ಕೋಟ್‌ಗೆ ಲೀಟರಿಗೆ 50–60 ಚದರಡಿ ಹಿಡಿದರೆ ಸುಮಾರು 17–20 ಲೀಟರ್ ಎಮಲ್ಷನ್, ಅಂದರೆ ದೊಡ್ಡ ಬಕೆಟ್ ಒಂದು. ಒರಟು ಗೋಡೆ ಇನ್ನಷ್ಟು ಹೀರುತ್ತದೆ. ಪ್ರೈಮರ್, ಬಿರುಕು ರಿಪೇರಿ, ಸಾರವೆ, ಕೂಲಿ ಇವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ದರದಲ್ಲಿ ಜಿಎಸ್‌ಟಿ ಸೇರಿದೆಯೇ ಎಂದೂ ಕೇಳಬೇಕು. ಬಾಡಿಗೆ ಮಳಿಗೆಯಾದರೆ ಹೊರಗೋಡೆಯ ಖರ್ಚು ಯಾರದೆಂದು ಕರಾರುಪತ್ರ ನೋಡಿದ ಮೇಲೆಯೇ ಮುಂಗಡ.