ಐದು ನಿಮಿಷದ ಮದ್ದು ಗಂಟೆಗಟ್ಟಲೆ ನಿಂತಾಗ

ಮಂತ್ರಾಲಯದಲ್ಲಿ ರಾಯರ ಬೃಂದಾವನದ ಸಾಲಿನಲ್ಲೋ ಆದವಾನಿಯ ಹತ್ತಿ ಮಾರುಕಟ್ಟೆಯಲ್ಲೋ ನಿಂತು ಕಿವಿಗೊಡಿ. ಕನ್ನಡ, ತೆಲುಗು ಒಂದೇ ಮಾತಿನೊಳಗೆ ಬೆರೆತು ಹರಿಯುತ್ತಿರುತ್ತವೆ. ಅಲ್ಲಿ ನಿಮ್ಮ ಪಕ್ಕದಲ್ಲಿರುವ ಆರ್ಯವೈಶ್ಯ ಸಮುದಾಯದ ಹಿರಿಯರೊಬ್ಬರ ಮೈಯಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದಾದ ಒಂದು ಗುಟ್ಟು ಇರಬಹುದು! ಅವರಿಗೇ ಅದು ಗೊತ್ತಿರುವುದಿಲ್ಲ. ಉಂಡು, ದುಡಿದು, ಮೊಮ್ಮಕ್ಕಳನ್ನು ಕಂಡು, ನೂರು ವರ್ಷ ಬಾಳಿದರೂ ಗೊತ್ತಾಗದೆ ಹೋಗಬಹುದು. ಅದು ಹೊರಬೀಳುವ ಜಾಗ ಒಂದೇ: ಆಪರೇಷನ್ ಥಿಯೇಟರಿನ ಮೇಜು.

ಕೈ ಎತ್ತಬೇಕೆಂದು ನೀವು ಮನಸ್ಸು ಮಾಡಿದ ಗಳಿಗೆಯನ್ನೇ ನೋಡಿ. ಮಿದುಳಿನ ಅಪ್ಪಣೆ ನರದಲ್ಲಿ ಓಡಿ ಬರುತ್ತದೆ. ಆದರೆ ನರ ಸ್ನಾಯುವನ್ನು ಮುಟ್ಟುವುದೇ ಇಲ್ಲ! ನಡುವೆ ಒಂದು ಕಂದಕ. ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತಲೂ ಕಿರಿದು. ಅಸಿಟೈಲ್ ಕೋಲಿನ್ ಎಂಬ ದೂತ ಆ ಕಂದಕ ದಾಟಿ ಸ್ನಾಯುವಿನ ಬಾಗಿಲು ಬಡಿಯುತ್ತಾನೆ, ಸ್ನಾಯು ಬಿಗಿಯುತ್ತದೆ, ಮರುಕ್ಷಣವೇ ಒಂದು ಕಿಣ್ವ ಬಂದು ದೂತನನ್ನು ಗುಡಿಸಿ ಹಾಕುತ್ತದೆ. ನೀವು ಈ ಸಾಲು ಓದುವಷ್ಟರಲ್ಲಿ ಇದು ನಿಮ್ಮ ಕಣ್ಣಿನ ಸ್ನಾಯುಗಳಲ್ಲಿ, ಎದೆಯಲ್ಲಿ, ವಪೆಯಲ್ಲಿ ಅದೆಷ್ಟು ಸಲ ನಡೆದುಹೋಯಿತು!

ಈ ಬಾಗಿಲಿಗೆ ಅಡ್ಡ ನಿಲ್ಲುವ ವಿಷವನ್ನು ಮೊದಲು ಕಂಡುಕೊಂಡವರು ದಕ್ಷಿಣ ಅಮೆರಿಕದ ಕಾಡಿನ ಬೇಟೆಗಾರರು. ಅವರ ಬಾಣದ ತುದಿಯ ಕುರಾರೆ ತಗುಲಿದ ಪ್ರಾಣಿಯ ಕಾಲು ಸೋಲುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ನಮ್ಮ ನಾಗರಹಾವಿನ ವಿಷ ಹಿಡಿಯುವುದೂ ಇದೇ ಬಾಗಿಲನ್ನು. ಎರಡು ಖಂಡಗಳಲ್ಲಿ, ಒಂದು ಬಳ್ಳಿಯಲ್ಲಿ, ಒಂದು ಹಾವಿನ ಹಲ್ಲಿನಲ್ಲಿ ಒಂದೇ ಉಪಾಯ! ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಕಪ್ಪೆಗಳ ಮೇಲೆ ಪ್ರಯೋಗ ಮಾಡಿ, ಕುರಾರೆ ನರವನ್ನೂ ಕೊಲ್ಲುವುದಿಲ್ಲ, ಸ್ನಾಯುವನ್ನೂ ಕೊಲ್ಲುವುದಿಲ್ಲ, ಅವೆರಡು ಸೇರುವ ಕಡೆ ಮಾತು ಕಡಿಯುತ್ತದೆ ಎಂದು ತೋರಿಸಿದ.

1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅಪೆಂಡಿಕ್ಸ್ ಆಪರೇಷನ್‌ಗೆ ಮಲಗಿದ್ದ ಯುವಕನಿಗೆ ಇದೇ ಕುರಾರೆಯನ್ನು ಕೊಟ್ಟರು. ಅಲ್ಲಿಯವರೆಗೆ ಕಲ್ಲಿನಂತೆ ಬಿಗಿದ ಹೊಟ್ಟೆ ಸಡಿಲವಾಗಬೇಕೆಂದರೆ ರೋಗಿಯನ್ನು ಈಥರಿನ ಅಪಾಯದ ಆಳಕ್ಕೆ ಇಳಿಸಬೇಕಿತ್ತು. ಈಗ ಹಗುರ ಮಂಪರು ಸಾಕು, ಹೊಟ್ಟೆ ಮೆತ್ತಗೆ ಸಡಿಲ! ಒಂದು ಮಾತು ಮಾತ್ರ ಇಲ್ಲಿ ಗಟ್ಟಿಯಾಗಿ ಹೇಳಲೇಬೇಕು. ಈ ಮದ್ದು ನಿದ್ದೆ ತರುವುದಿಲ್ಲ, ನೋವನ್ನೂ ಕೊಲ್ಲುವುದಿಲ್ಲ. 1946ರಲ್ಲಿ ಅಮೆರಿಕದ ವೈದ್ಯ ಸ್ಕಾಟ್ ಸ್ಮಿತ್ ಎಚ್ಚರವಾಗಿದ್ದೇ ತನ್ನ ಮೇಲೆ ಇದನ್ನು ಪ್ರಯೋಗಿಸಿಕೊಂಡ. ಬೆರಳೂ ಅಲುಗಲಿಲ್ಲ, ಉಸಿರನ್ನು ಬೇರೆಯವರು ಒತ್ತಿ ಕೊಡಬೇಕಾಯಿತು, ಆದರೆ ಸುತ್ತಲಿನ ಎಲ್ಲವೂ ಅವನಿಗೆ ತಿಳಿಯುತ್ತಿತ್ತು. ಎಂಥ ಧೈರ್ಯ! ಅದಕ್ಕೇ ಅರಿವಳಿಕೆ ತಜ್ಞರು ನಿದ್ದೆಗೆ ಬೇರೆ, ನೋವಿಗೆ ಬೇರೆ, ಸ್ನಾಯುವಿಗೆ ಬೇರೆ ಮದ್ದು ಕೊಟ್ಟು, ಪ್ರತಿ ಉಸಿರನ್ನೂ ತಾವೇ ಕಾಯುತ್ತಾರೆ.

ಈಗ ನಮ್ಮ ಕಥೆಗೆ ಬೇಕಾದ ಮದ್ದು: ಸಕ್ಸಿನೈಲ್ ಕೋಲಿನ್. ನಮ್ಮ ಆಸ್ಪತ್ರೆಗಳಲ್ಲಿ ಸ್ಕೋಲಿನ್ ಎಂದೇ ಪರಿಚಿತ. ಇದರ ರಚನೆ ನೋಡಿ ನಾನು ಬೆರಗಾದೆ. ನಮ್ಮ ಮೈಯ ದೂತರಿಬ್ಬರನ್ನು, ಆ ಅಸಿಟೈಲ್ ಕೋಲಿನ್ ಜೋಡಿಯನ್ನು, ಬೆನ್ನಿಗೆ ಬೆನ್ನು ಕೊಟ್ಟು ಬೆಸೆದಂತೆ ಅದು! ಸೂಜಿ ಕೊಟ್ಟ ಕೂಡಲೇ ಬಾಗಿಲು ಬಡಿಯುತ್ತದೆ, ಮೈಯೆಲ್ಲ ಸಣ್ಣಗೆ ಅದುರುತ್ತದೆ. ಆದರೆ ಬಂದ ದೂತ ಹೋಗುವುದಿಲ್ಲ. ಒಂದು ನಿಮಿಷದೊಳಗೆ ಇಡೀ ದೇಹ ನಿಶ್ಚಲ. ಗಂಟಲಿಗೆ ಕೊಳವೆ ಇಳಿಸಲು ವೈದ್ಯರಿಗೆ ಬೇಕಾದದ್ದು ಈ ನಿಶ್ಚಲತೆಯೇ. ಐದು, ಹತ್ತು ನಿಮಿಷಕ್ಕೆಲ್ಲ ರೋಗಿ ತಾನೇ ಉಸಿರೆಳೆಯುತ್ತಾನೆ. ಏಕೆಂದರೆ ಯಕೃತ್ತು ತಯಾರಿಸಿ ರಕ್ತಕ್ಕೆ ಬಿಡುವ ಬ್ಯುಟಿರಿಲ್ ಕೋಲಿನೆಸ್ಟರೇಸ್ ಎಂಬ ಕಿಣ್ವ ಈ ಮದ್ದನ್ನು ಚೂರು ಚೂರು ಮಾಡುತ್ತದೆ. ಕೊಟ್ಟದ್ದರಲ್ಲಿ ಬಹುಪಾಲು ಸ್ನಾಯು ಮುಟ್ಟುವ ಮೊದಲೇ ಹೀಗೆ ನಾಶ!

ಆ ಕಿಣ್ವವೇ ಕೆಲಸ ಮಾಡದಿದ್ದರೆ?

ಮದ್ದು ಅಷ್ಟೂ ಸ್ನಾಯು ತಲುಪುತ್ತದೆ. ಹತ್ತು ನಿಮಿಷವಾಯಿತು, ಉಸಿರಿಲ್ಲ. ಅರ್ಧ ಗಂಟೆ, ಇಲ್ಲ. ಗಂಟೆಗಳೇ ಕಳೆಯುತ್ತವೆ. ವೈದ್ಯರ ಭಾಷೆಯಲ್ಲಿ ಇದು ಸ್ಕೋಲಿನ್ ಆಪ್ನಿಯ. ಮಾಡಬೇಕಾದದ್ದು ಒಂದೇ. ರೋಗಿಯನ್ನು ನಿದ್ದೆಯಲ್ಲೇ ಇರಿಸಿ, ಯಂತ್ರದಿಂದ ಉಸಿರು ಕೊಡುತ್ತಾ ಕಾಯಬೇಕು. ಕಾದರೆ ಮದ್ದು ತಾನಾಗಿ ಇಳಿಯುತ್ತದೆ, ಮನುಷ್ಯ ಮೊದಲಿನಂತೆಯೇ ಎದ್ದು ಕೂರುತ್ತಾನೆ.

ಆರ್ಯವೈಶ್ಯರಲ್ಲಿ ಈ ಕಿಣ್ವದ ಕೊರತೆ ಬೇರೆಡೆಗಿಂತ ಸುಮಾರು 100 ಪಟ್ಟು ಹೆಚ್ಚು! ಅನುಭವಿ ವೈದ್ಯರು ಆಪರೇಷನ್‌ಗೆ ಮೊದಲು ಸಮುದಾಯ ಕೇಳುತ್ತಿದ್ದದ್ದು ಅದಕ್ಕೇ. ಕಾರಣ ಕಣ್ಣಿಗೆ ಬಿದ್ದದ್ದು 2006ರಲ್ಲಿ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಮನೋಹರನ್, ಬೂಪತಿ ಮತ್ತು ಅಮೆರಿಕದ ಒಕ್ಸಾನಾ ಲಾಕ್ರಿಡ್ಜ್ ಅವರ ತಂಡ ಆ ಕಿಣ್ವದ ಅಮೈನೋ ಆಮ್ಲಗಳ ಮಣಿಸರವನ್ನು ಎಣಿಸುತ್ತಾ ಹೋಯಿತು. 574 ಮಣಿಗಳು. 307ನೆಯ ಮಣಿ ಲ್ಯೂಸಿನ್ ಇರಬೇಕಿತ್ತು, ಪ್ರೋಲಿನ್ ಇತ್ತು. ಅಷ್ಟೇ! ತಂದೆ, ತಾಯಿ ಇಬ್ಬರಿಂದಲೂ ಇದು ಬಂದವರಿಗೆ ಮಾತ್ರ ತೊಂದರೆ ಜೋರು, ಸಮುದಾಯದ ಎಲ್ಲರಿಗೂ ಅಲ್ಲ.

ಇದು ಎಲ್ಲಿಂದ ಬಂತು? ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ 2009ರಲ್ಲಿ, ಮತ್ತೆ 2017ರಲ್ಲಿ ಭಾರತದ ಸಮುದಾಯಗಳ ಜೀನುಗಳನ್ನು ಓದಿದರು. ಇಂದು ಲಕ್ಷಾಂತರ ಇರುವ ಆರ್ಯವೈಶ್ಯರು, ಎರಡು ಮೂರು ಸಾವಿರ ವರ್ಷಗಳ ಹಿಂದಿನ ಕೆಲವೇ ಪೂರ್ವಿಕರ ಸಂತಾನ ಎಂದು ಕಂಡಿತು. ಆ ಕೆಲವರ ಜೀನಿನಲ್ಲಿ ಬದಲಾಗಿದ್ದ ಒಂದು ಅಕ್ಷರ ಒಳಗೊಳಗಿನ ಮದುವೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂತು. ಅವರ ಕುಲದೇವಿ, ಪೆನುಗೊಂಡದ ವಾಸವಿ ಕನ್ಯಕಾಪರಮೇಶ್ವರಿಯ ಕಥೆಯಲ್ಲಿ ದೇವಿಯ ಜೊತೆ ನಿಂತವರು 102 ಗೋತ್ರದವರು. ಪುರಾಣದ ದಾರಿ ಬೇರೆ, ಜೀನಿನ ದಾರಿ ಬೇರೆ, ಒಂದು ಇನ್ನೊಂದಕ್ಕೆ ಸಾಕ್ಷಿಯಲ್ಲ. ಆದರೂ ಎರಡೂ ಕಡೆ ಕೇಳಿಬರುವುದು ಕೆಲವರಿಂದ ಬೆಳೆದ ಕುಲದ ಮಾತು. ಅದನ್ನು ನೆನೆದರೆ ನನಗೆ ಮೈ ಜುಂ ಎನ್ನುತ್ತದೆ.

ಹತ್ತಿಯ ಹೊಲಕ್ಕೂ ಇಲ್ಲಿ ನಂಟಿದೆ. ಕೆಲವು ಕೀಟನಾಶಕಗಳು, ಆರ್ಗನೋಫಾಸ್ಫೇಟ್‌ಗಳು, ಕಟ್ಟಿಹಾಕುವುದೂ ಇದೇ ಬಗೆಯ ಕಿಣ್ವಗಳನ್ನು. ಅವು ಮೈಗೇರಿದವನಿಗೆ ಸ್ಕೋಲಿನ್ ಕೊಟ್ಟರೆ, ಯಾವ ಜಾತಿಯವನಾದರೂ ಉಸಿರು ತಡವಾಗಿಯೇ ಮರಳುತ್ತದೆ.

ಇಂದು ಬೇರೆ ದಾರಿಯೂ ಉಂಟು. ರೋಕುರೋನಿಯಂ ಎಂಬ ಮದ್ದಿಗೆ ಈ ಕಿಣ್ವದ ಹಂಗೇ ಇಲ್ಲ. ಅದನ್ನು ಇಳಿಸಲು ಸಕ್ಕರೆ ಕಣಗಳ ಬಳೆಯೊಂದಿದೆ, ಹೆಸರು ಸುಗಮಡೆಕ್ಸ್. ಮದ್ದನ್ನು ತನ್ನೊಳಗೆ ತಬ್ಬಿ ಹಿಡಿದು ಹೊರಗೆ ಒಯ್ಯುತ್ತದೆ!

ವೈದ್ಯರಿಗೆ ಮೊದಲೇ ತಿಳಿದಿರಬೇಕು, ಅಷ್ಟೇ. ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ, ಅಜ್ಜನಿಗೋ ಅತ್ತೆಗೋ ಸೋದರಮಾವನಿಗೋ, ಆಪರೇಷನ್ ಆದ ಮೇಲೆ ಉಸಿರು ಬರಲು ತುಂಬ ಹೊತ್ತಾಗಿತ್ತೇ ಎಂದು ಕೇಳಿಟ್ಟುಕೊಳ್ಳಿ. ಆಗಿದ್ದರೆ, ಮುಂದೆ ನಿಮ್ಮನ್ನು ಮೇಜಿಗೆ ಕರೆದೊಯ್ಯುವ ಮೊದಲು ಅರಿವಳಿಕೆ ಕೊಡುವ ಡಾಕ್ಟರಿಗೆ ಆ ಒಂದು ಮಾತು ಹೇಳಿ.